ಯಾರಿಗೆ ಹೇಳುವುದು? ವಿಶ್ವವಿದ್ಯಾಲಯದ ಆವರಣದಲ್ಲಿ ಸಂಕಟದ ಸೂಚನೆಗಳು ಮತ್ತು ಅವು ಸಾಗುವ ದಾರಿ

2025ರ ಜುಲೈ 25ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಒಂದು ತೀರ್ಪು ನೀಡಿತು. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳರ ವಿದ್ಯಾರ್ಥಿನಿಯೊಬ್ಬಳ ಸಾವಿನ ತನಿಖೆಯನ್ನು ಸಿಬಿಐಗೆ ಒಪ್ಪಿಸಿದ ಪೀಠ, ಜೊತೆಗೇ ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯವಾಗುವ ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ಶಾಸನವೊಂದು ಬರುವವರೆಗೆ ಇವೇ ಕಾನೂನು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯ ಪರಿಣತರನ್ನೋ ಒಬ್ಬರನ್ನಾದರೂ ನೇಮಿಸಿಕೊಳ್ಳಬೇಕು. ಬೋಧಕರಿಗೂ ಬೋಧಕೇತರ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ಸಂಕಟದ ಸೂಚನೆಗಳನ್ನು ಗುರುತಿಸುವ ತರಬೇತಿ ಸಿಗಬೇಕು. ಸಹಾಯವಾಣಿಯ ಸಂಖ್ಯೆಗಳು ಹಾಸ್ಟೆಲ್ಲು, ತರಗತಿಗಳಲ್ಲಿ ದಪ್ಪಕ್ಷರದಲ್ಲಿ ಕಾಣಬೇಕು. ತೀರ್ಪು ಆಧರಿಸಿದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಅಂಕಿಗಳ ಪ್ರಕಾರ, 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಇದಕ್ಕೆ ನಾಲ್ಕು ತಿಂಗಳ ಮುಂಚೆ, ಮಾರ್ಚ್ 24ರಂದು, ಅದೇ ನ್ಯಾಯಾಲಯದ ಇನ್ನೊಂದು ಪೀಠ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿನ ಸಾವುಗಳ ಕುರಿತು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತ್ತು.

ಈ ಮಾರ್ಗಸೂಚಿಗಳ ಜಾರಿಗೆ ಹೊರಟವರ ಗಮನವೆಲ್ಲ ಈಗ ತರಬೇತಿಯ ಮೇಲಿದೆ. ಸಿಬ್ಬಂದಿಗೆ ಸೂಚನೆಗಳನ್ನು ನೋಡಲು ಬರುವುದಿಲ್ಲ, ಕಲಿಸಿದರೆ ನೋಡುತ್ತಾರೆ ಎಂಬ ನಂಬಿಕೆ ಅದರ ಹಿಂದಿದೆ. ಈ ಲೇಖನದ ವಾದ ಬೇರೆ. ಆವರಣದಲ್ಲಿ ಸೂಚನೆಗಳು ಯಾರ ಕಣ್ಣಿಗೂ ಬೀಳದೆ ಹೋಗುವುದು ಅಪರೂಪ. ಯಾರೋ ಒಬ್ಬರು ಕಂಡಿರುತ್ತಾರೆ. ಕಂಡದ್ದನ್ನು ಒಯ್ದು ಮುಟ್ಟಿಸುವ ದಾರಿ ಇರುವುದಿಲ್ಲ. ದಾರಿ ಇದ್ದ ಕಡೆ ಅದು ಶಿಸ್ತು ಸಮಿತಿಯ ಬಾಗಿಲಿಗೋ ಪೋಷಕರ ಫೋನಿಗೋ ಹೋಗಿ ನಿಲ್ಲುತ್ತದೆ. ಇದನ್ನು ಬಲ್ಲ ವಿದ್ಯಾರ್ಥಿ ತನ್ನ ಸಂಕಟವನ್ನು ಮುಚ್ಚಿಡುತ್ತಾನೆ, ಅದನ್ನು ಕಂಡ ಗೆಳೆಯ ಬಾಯಿ ಬಿಡುವುದಿಲ್ಲ. ಹಾಗಾಗಿ ತಿಳಿಸಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ ಬಗೆಹರಿಯದೆ ಗುರುತಿಸುವ ಪ್ರಶ್ನೆಯೂ ಬಗೆಹರಿಯದು.

ಸೂಚನೆಗಳು ಎಲ್ಲಿರುತ್ತವೆ

ಕೈಪಿಡಿಗಳಲ್ಲಿ ಸಿಗುವ ಪಟ್ಟಿ ಎಲ್ಲ ದೇಶದಲ್ಲೂ ಹೆಚ್ಚುಕಡಿಮೆ ಒಂದೇ: ಒಂಟಿಯಾಗಿರುವುದು, ನಿದ್ದೆ ಊಟ ಕೆಡುವುದು, ಅಂಕ ಇಳಿಯುವುದು, ಕುಡಿತ ಹೆಚ್ಚುವುದು, ತಾನು ಎಲ್ಲರಿಗೂ ಹೊರೆ ಎನ್ನುವುದು, ಪ್ರೀತಿಯ ವಸ್ತುಗಳನ್ನು ಕೊಟ್ಟುಬಿಡುವುದು, ಸಾವಿನ ಮಾತು. ಪಟ್ಟಿ ಸುಳ್ಳಲ್ಲ. ಆದರೆ ನಮ್ಮ ಆವರಣಗಳಲ್ಲಿ ಸಂಕಟ ಮೊದಲು ಆಡುವುದು ದೇಹದ ಭಾಷೆಯನ್ನು. "ಯಾಕಮ್ಮ, ಹುಷಾರಿಲ್ವಾ?" ಎಂದು ಮೇಡಂ ಕೇಳಿದರೆ "ಏನಿಲ್ಲ ಮೇಡಂ, ತಲೆನೋವು" ಎಂಬ ಉತ್ತರ ಬರುತ್ತದೆ. ತಲೆಭಾರ, ಎದೆ ಹಿಡಿದಂತಾಗುವುದು, ಗ್ಯಾಸ್ಟ್ರಿಕ್, ಸುಸ್ತು, ಕೈಕಾಲು ಜೋಮು ಹೀಗೆ ಬಂದ ದೂರು ಆರೋಗ್ಯ ಕೇಂದ್ರದಲ್ಲಿ ಎರಡು ಮಾತ್ರೆಯೊಂದಿಗೆ ಮುಗಿಯುತ್ತದೆ.

ಇದನ್ನು ವಿದ್ಯಾರ್ಥಿಯ ಅಜ್ಞಾನವೆಂದು ತಳ್ಳಿಹಾಕುವುದು ತಪ್ಪು. ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್, ಎಸ್.ಎಂ. ಚನ್ನಬಸವಣ್ಣ ಹಾಗೂ ಅವರೊಂದಿಗೆ ಮಿಚೆಲ್ ವೈಸ್ ಮತ್ತು ಇನ್ನೊಬ್ಬ ಸಹೋದ್ಯೋಗಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಖಿನ್ನತೆಯ ಲಕ್ಷಣ ಹೆಚ್ಚಿದಂತೆ ರೋಗಿಗೆ ಕಳಂಕದ ಅಂಜಿಕೆಯೂ ಹೆಚ್ಚಿತ್ತು. ದೇಹದ ಲಕ್ಷಣಗಳ ವಿಷಯದಲ್ಲಿ ನಂಟು ತಿರುಗುಮುರುಗಾಗಿತ್ತು. ಮನಸ್ಸಿನ ನೋವನ್ನು ಹೇಳಿಕೊಂಡರೆ ಮದುವೆ, ಮರ್ಯಾದೆ ಎಲ್ಲಕ್ಕೂ ಕುತ್ತು, ಮೈನೋವು ಹೇಳಿಕೊಂಡರೆ ಯಾವ ಕುತ್ತೂ ಇಲ್ಲ ಎಂಬ ಲೆಕ್ಕಾಚಾರ ರೋಗಿಗಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕರಾವಳಿಯ ಕೋಟದಲ್ಲಿ ನಡೆಸಿದ ಸಮೀಕ್ಷೆ, 1976ರಲ್ಲಿ ಪುಸ್ತಕವಾಗಿ ಬಂದದ್ದು, ಬ್ರಾಹ್ಮಣ, ಬಂಟ, ಮೊಗವೀರ ಸಮುದಾಯಗಳ ಸಂಕಟವನ್ನು ಬದಲಾಗುತ್ತಿದ್ದ ಅವರ ಬದುಕಿನ ಜೊತೆಗೇ ಇಟ್ಟು ನೋಡಿತ್ತು. ಯಾರ ಸಂಕಟ ಯಾವ ವೇಷದಲ್ಲಿ ಬರುತ್ತದೆ ಎಂದು ಕೇಳುವ ಪರಂಪರೆ ಈ ನೆಲದಲ್ಲೇ ಇರುವಾಗ, ತರಬೇತಿಯ ಸ್ಲೈಡುಗಳು ಬೇರೆಲ್ಲಿಂದಲೋ ನಕಲಾಗಿ ಬರುತ್ತಿರುವುದು ಸೋಜಿಗ.

ದೇಹದ ಆಚೆಗೆ ಸೂಚನೆಗಳು ಕಾಗದದಲ್ಲಿರುತ್ತವೆ. ಮೆಸ್ಸಿನ ಪುಸ್ತಕದಲ್ಲಿ ವಾರದಿಂದ ಗುರುತು ಬಿದ್ದಿರುವುದಿಲ್ಲ. ಸ್ಕಾಲರ್‌ಶಿಪ್ ಬಂದಿಲ್ಲವೆಂದು ಶುಲ್ಕದ ಕೌಂಟರಿನಲ್ಲಿ ಗಡುವು ಕೇಳಿದ ಅರ್ಜಿ ಇರುತ್ತದೆ. ಇಂಟರ್ನಲ್ ಪರೀಕ್ಷೆಗೆ ಗೈರು. ಎಲ್ಲಕ್ಕಿಂತ ಮುಖ್ಯವಾಗಿ ಹಾಜರಾತಿ. ಕರ್ನಾಟಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪರೀಕ್ಷೆಗೆ ಕೂರಲು ಶೇ. 75ರ ಹಾಜರಾತಿ ಬೇಕು. ಸೆಮಿಸ್ಟರಿನ ಕೊನೆಗೆ ಅದು ಕಡಿಮೆ ಬಿದ್ದವರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ. ಆವರಣದಲ್ಲಿ ಪ್ರತಿ ವಿದ್ಯಾರ್ಥಿಯ ಬಗ್ಗೆ ಪ್ರತಿದಿನ ಸಂಗ್ರಹವಾಗುವ ಮಾಹಿತಿ ಇದೊಂದೇ. ಅಂಥ ಸೂಕ್ಷ್ಮವಾದ ಸೂಚಕವನ್ನು ಹದಿನಾರು ವಾರ ಮುಟ್ಟದೆ ಇಟ್ಟು, ಕೊನೆಗೆ ಶಿಕ್ಷೆ ಕೊಡಲು ಮಾತ್ರ ಹೊರತೆಗೆಯುತ್ತೇವೆ. ಮೂರನೆಯ ವಾರದಲ್ಲೇ ತರಗತಿಗೆ ಬರುವುದನ್ನು ನಿಲ್ಲಿಸಿದ ಹುಡುಗಿಯನ್ನು ಮೂರನೆಯ ವಾರದಲ್ಲೇ ವಿಚಾರಿಸುವ ಕೆಲಸಕ್ಕೆ ಮನೋವೈದ್ಯರು ಬೇಕಾಗಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೂಚನೆಗಳಿಂದ ಭವಿಷ್ಯ ನುಡಿಯಲಾಗದು. ಜೋಸೆಫ್ ಫ್ರಾಂಕ್ಲಿನ್ ಮತ್ತು ಸಂಗಡಿಗರು 2017ರಲ್ಲಿ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದಾಗ, ಆತ್ಮಹತ್ಯೆಯ ಆಲೋಚನೆ ಮತ್ತು ಯತ್ನಗಳನ್ನು ಮುಂಗಾಣುವಲ್ಲಿ ತಿಳಿದಿರುವ ಅಪಾಯಾಂಶಗಳ ಬಲ ಕಾಕತಾಳೀಯಕ್ಕಿಂತ ಸ್ವಲ್ಪವೇ ಮೇಲಿತ್ತು. ಇದನ್ನು ಓದಿ ಕೈಚೆಲ್ಲಬೇಕಾಗಿಲ್ಲ. ಸೂಚನೆ ಕಂಡವರ ಕೆಲಸ ಈ ಹುಡುಗ ಸಾಯುತ್ತಾನೋ ಇಲ್ಲವೋ ಎಂದು ತೀರ್ಮಾನಿಸುವುದಲ್ಲ, ಅವನನ್ನು ಮಾತಾಡಿಸುವುದು. ನೇರವಾಗಿ ಕೇಳಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ನಮ್ಮ ಸ್ಟಾಫ್ ರೂಮುಗಳಲ್ಲಿ ಬಲವಾಗಿದೆ. ಮೆಡ್‌ಲಿನ್ ಗೌಲ್ಡ್ ತಂಡ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳ ಮೇಲೆ ನಡೆಸಿ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಸಾವಿನ ಆಲೋಚನೆಯಾಗಲಿ ಹೆಚ್ಚಲಿಲ್ಲ. "ತುಂಬಾ ಬೇಜಾರಾದಾಗ ಬದುಕೋದೇ ಬೇಡ ಅನ್ಸುತ್ತಾ?" ಎಂದು ಮೆತ್ತಗೆ ಆದರೆ ನೇರವಾಗಿ ಕೇಳಬಹುದು. ಕೇಳಿದ ಮೇಲೆ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಲು ಕುರ್ಚಿ ಎಳೆದುಕೊಂಡು ಕೂರಬೇಕು, ಅಷ್ಟೇ.

ವರ್ಜೀನಿಯಾದ ಪಾಠ ಮತ್ತು ಅದರ ಮಿತಿ

ಸೂಚನೆಗಳು ಚದುರಿಹೋಗುವುದು ಹೇಗೆಂದು ತಿಳಿಯಲು ಅತ್ಯಂತ ವಿವರವಾದ ಸಾರ್ವಜನಿಕ ದಾಖಲೆ ಅಮೆರಿಕದ್ದು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಕೊಂದು ತಾನೂ ಸತ್ತ. ಗವರ್ನರ್ ನೇಮಿಸಿದ ಪರಿಶೀಲನಾ ಸಮಿತಿ ಆಗಸ್ಟಿನಲ್ಲಿ ಕೊಟ್ಟ ವರದಿಯನ್ನು ಓದಿದರೆ, 2005ರ ಕೊನೆಯ ತಿಂಗಳುಗಳಲ್ಲಿ ಅವನನ್ನು ಎಷ್ಟು ಜನ ಗಮನಿಸಿದ್ದರು ಎಂಬುದೇ ಬೆರಗು ಹುಟ್ಟಿಸುತ್ತದೆ. ಕಾವ್ಯ ತರಗತಿಯಲ್ಲಿ ಅವನ ಬರಹ, ವರ್ತನೆ ಕಂಡು ಅಧ್ಯಾಪಕಿ ನಿಕ್ಕಿ ಜೊವಾನಿ ಅವನನ್ನು ಕೂರಿಸಿಕೊಳ್ಳಲು ಒಪ್ಪಲಿಲ್ಲ. ಇಂಗ್ಲಿಷ್ ವಿಭಾಗದ ಮುಖ್ಯಸ್ಥೆ ಲೂಸಿಂಡಾ ರಾಯ್ ತಾವೇ ಅವನಿಗೆ ಬೇರೆಯಾಗಿ ಪಾಠ ಹೇಳಿದರು, ವಿದ್ಯಾರ್ಥಿ ಕ್ಷೇಮ ವಿಭಾಗಕ್ಕೂ ಆಪ್ತಸಮಾಲೋಚನಾ ಕೇಂದ್ರಕ್ಕೂ ಆವರಣದ ಪೊಲೀಸರಿಗೂ ತಿಳಿಸಿದರು. ಕಿರುಕುಳದ ಬಗ್ಗೆ ವಿದ್ಯಾರ್ಥಿನಿಯರು ಪೊಲೀಸರಿಗೆ ದೂರು ಕೊಟ್ಟಿದ್ದರು. ಸಾಯುವ ಮಾತಾಡಿದನೆಂದು ಜೊತೆಗಿದ್ದವನೇ ತಿಳಿಸಿದ್ದ. ಡಿಸೆಂಬರ್ 14ರಂದು ನ್ಯಾಯಾಧಿಕಾರಿಯೊಬ್ಬರು ಹೊರರೋಗಿ ಚಿಕಿತ್ಸೆಗೆ ಆದೇಶಿಸಿದರು. ಅವನು ಸಮಾಲೋಚನಾ ಕೇಂದ್ರಕ್ಕೆ ಹೋದ. ಆಮೇಲೆ ಯಾರೂ ಹಿಂಬಾಲಿಸಲಿಲ್ಲ.

ಅಲ್ಲಿ ಇಂಥ ವಿದ್ಯಾರ್ಥಿಗಳ ಬಗ್ಗೆ ಚರ್ಚಿಸುವುದಕ್ಕೆಂದೇ ಒಂದು ತಂಡವೂ ಇತ್ತು! ವಿಭಾಗದ ಆತಂಕ ಅದರ ಕಿವಿಗೆ ಬಿದ್ದಿತ್ತು. ಹಾಸ್ಟೆಲ್ಲಿನಲ್ಲಿ ನಡೆದದ್ದು, ಪೊಲೀಸರ ಬಳಿ ಇದ್ದದ್ದು ಅದರ ಮುಂದೆ ಬರಲಿಲ್ಲ. ಶೈಕ್ಷಣಿಕ ದಾಖಲೆಗಳ ಗೋಪ್ಯತೆಯ 1974ರ ಕೇಂದ್ರ ಕಾಯ್ದೆ ತಮ್ಮ ಬಾಯಿ ಕಟ್ಟಿದೆ ಎಂದು ಅಧಿಕಾರಿಗಳು ತಿಳಿದಿದ್ದರು. ಕಾಯ್ದೆ ಅಷ್ಟು ಕಟ್ಟಿರಲಿಲ್ಲ; ತುರ್ತಿನಲ್ಲಿ ಹೇಳಲು ಅವಕಾಶವಿತ್ತು, ಕಣ್ಣಾರೆ ಕಂಡದ್ದನ್ನು ಹೇಳಲು ಅಡ್ಡಿಯೇ ಇರಲಿಲ್ಲ. 2008ರಲ್ಲಿ ವರ್ಜೀನಿಯಾ ತನ್ನ ಸಾರ್ವಜನಿಕ ಕಾಲೇಜುಗಳಲ್ಲಿ ಅಪಾಯ ಅಂದಾಜಿಸುವ ತಂಡಗಳನ್ನು ಕಡ್ಡಾಯಗೊಳಿಸಿತು.

ಈ ಮಾದರಿಯಿಂದ ನಾವು ತೆಗೆದುಕೊಳ್ಳಬೇಕಾದದ್ದು ಅರ್ಧ ಮಾತ್ರ. ಚದುರಿದ ಸುದ್ದಿ ಒಂದು ಮೇಜಿಗೆ ಬರಬೇಕೆಂಬುದು ಸರಿ. ಆದರೆ ಸಂಕಟದಲ್ಲಿರುವವನನ್ನು ಅಪಾಯಕಾರಿಯೆಂದು ನೋಡುವ ಕಣ್ಣು ಅದರೊಂದಿಗೆ ಬಂದರೆ ಕೆಡುಕೇ ಹೆಚ್ಚು. ನೊಂದ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನರಿಂದ ಇತರರಿಗೆ ಯಾವ ಭಯವೂ ಇಲ್ಲ. ಪೊಲೀಸರು, ಭದ್ರತಾ ಅಧಿಕಾರಿ, ಶಿಸ್ತು ಸಮಿತಿಯ ಸದಸ್ಯರು ಕೂತ ಮೇಜಿಗೆ ಹುಡುಗಿಯೊಬ್ಬಳ ಅಳು ವಿಷಯವಾಗಿ ಬಂದಾಗ, ಅವಳನ್ನು ಮನೆಗೆ ಕಳಿಸಿ ಕೈತೊಳೆದುಕೊಳ್ಳುವುದೇ ಸುಲಭದ ಉತ್ತರವಾಗುತ್ತದೆ.

ಸುದ್ದಿ ಮೇಲಕ್ಕೆ ಮುಟ್ಟಿದರೂ ಸಾಲದು ಎಂಬುದಕ್ಕೆ ನಮ್ಮಲ್ಲೇ ಉದಾಹರಣೆಯಿದೆ. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ 2016ರ ಜನವರಿ 17ರಂದು ತೀರಿಕೊಳ್ಳುವ ಒಂದು ತಿಂಗಳ ಮುಂಚೆ ಕುಲಪತಿಗೇ ಪತ್ರ ಬರೆದಿದ್ದರು. ಅವರ ಹತಾಶೆ ಆ ಪತ್ರದಲ್ಲಿ ಬಚ್ಚಿಟ್ಟುಕೊಂಡಿರಲಿಲ್ಲ. ಅವರನ್ನೂ ಇನ್ನೂ ನಾಲ್ವರನ್ನೂ ಹಾಸ್ಟೆಲ್ಲಿನಿಂದ ಹೊರಹಾಕಲಾಗಿತ್ತು; ಏಳು ತಿಂಗಳ ಫೆಲೋಶಿಪ್ ಬರಬೇಕಿದೆ ಎಂದು ಅವರು ಕೊನೆಯದಾಗಿ ಬರೆದಿಟ್ಟಿದ್ದರು. ಸಂಕಟದ ಕಾರಣ ಸಂಸ್ಥೆಯ ಆದೇಶಗಳಲ್ಲೇ ಇದ್ದಾಗ ಸಮಾಲೋಚಕರ ಕೊಠಡಿ ಯಾವ ಮದ್ದನ್ನೂ ಕೊಡಲಾರದು. ಜಾತಿ, ನಿಂತ ವಿದ್ಯಾರ್ಥಿವೇತನ, ಮಾರ್ಗದರ್ಶಕರ ದರ್ಪ ಇವನ್ನು ವಿದ್ಯಾರ್ಥಿಯ ಮನೋದೌರ್ಬಲ್ಯವಾಗಿ ಅನುವಾದಿಸುವ ಕೆಲಸಕ್ಕೆ ಮಾನಸಿಕ ಆರೋಗ್ಯದ ಭಾಷೆ ಬಳಕೆಯಾಗಬಾರದು. ವರದಿ ಮಾಡುವವರಿಗೆ ಸಂಸ್ಥೆಯ ಮೇಲೂ ವರದಿ ಮಾಡಲು ಸಾಧ್ಯವಿರಬೇಕು.

ಬಳ್ಳಾರಿಯಿಂದ ಕಲಿಯಬಹುದಾದದ್ದು

ಮನೋವೈದ್ಯರಲ್ಲದವರಿಗೆ ಗುರುತಿಸುವುದನ್ನು ಕಲಿಸುವ ಪ್ರಯೋಗದಲ್ಲಿ ಕರ್ನಾಟಕ ಹಳಬ. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ನಿಮ್ಹಾನ್ಸ್ 1970ರ ದಶಕದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿಯ ಮಾದರಿ ರೂಪಿಸಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಅಚ್ಚು. ಅಲ್ಲಿ ತರಬೇತಿಯೊಂದೇ ನಡೆದಿರಲಿಲ್ಲ. ಕೇಂದ್ರಗಳಲ್ಲಿ ಅವಶ್ಯ ಔಷಧಿಗಳಿದ್ದವು, ಸರಳವಾದ ರೋಗಿ ದಾಖಲೆಯಿತ್ತು, ತಿಂಗಳ ವರದಿಯಿತ್ತು, ಜಿಲ್ಲಾ ತಂಡ ಅದನ್ನು ಓದಿ ಮರುಮಾತು ಹೇಳುತ್ತಿತ್ತು. ಗುರುತಿಸಿದವನಿಗೆ ಮುಂದೆ ಏನಾಯಿತೆಂದು ತಿಳಿಯುತ್ತಿತ್ತು.

ಇದನ್ನು ಬಿಟ್ಟು ತರಬೇತಿಯನ್ನಷ್ಟೇ ಉಳಿಸಿಕೊಂಡರೆ ಫಲ ತೆಳು. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ 11,110 ಹದಿಹರೆಯದವರ ಮೇಲೆ ನಡೆದು 2015ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಪ್ರಯೋಗ ಮೂರು ಮಾರ್ಗಗಳನ್ನು ಹೋಲಿಸಿತು: ಶಿಕ್ಷಕರಿಗೆ ಸೂಚನೆ ಗುರುತಿಸುವ ತರಬೇತಿ, ಪರಿಣತರಿಂದ ವಿದ್ಯಾರ್ಥಿಗಳ ತಪಾಸಣೆ, ಮತ್ತು ವಿದ್ಯಾರ್ಥಿಗಳೇ ಪಾತ್ರಾಭಿನಯ, ಚರ್ಚೆಗಳ ಮೂಲಕ ಮಾನಸಿಕ ಆರೋಗ್ಯದ ಬಗ್ಗೆ ಮಾತಾಡುವ ಕಾರ್ಯಕ್ರಮ. ಹನ್ನೆರಡು ತಿಂಗಳ ನಂತರ ಗಣನೀಯ ಪರಿಣಾಮ ಕಂಡದ್ದು ಮೂರನೆಯದರಲ್ಲಿ ಮಾತ್ರ. ಹೊಸ ಆತ್ಮಹತ್ಯಾ ಯತ್ನಗಳ ಪ್ರಮಾಣ ಹೋಲಿಕೆಯ ಗುಂಪಿನಲ್ಲಿ ಶೇ. 1.51 ಇದ್ದರೆ ಇಲ್ಲಿ ಶೇ. 0.70. ಶಿಕ್ಷಕರ ತರಬೇತಿ ಅಂಥ ಪರಿಣಾಮ ತೋರಲಿಲ್ಲ. ಸರಾಸರಿ ಹದಿನೈದರ ಮಕ್ಕಳ ಫಲಿತಾಂಶವನ್ನು ಇಪ್ಪತ್ತೆರಡರ ಸ್ನಾತಕೋತ್ತರ ವಿದ್ಯಾರ್ಥಿಗೆ ಹಾಗೇ ಅನ್ವಯಿಸಲಾಗದು, ನಿಜ. ಆದರೂ ವರ್ಷಕ್ಕೆರಡು ತರಬೇತಿ ಮುಗಿಸಿ ಫೋಟೊ ತೆಗೆಸಿಕೊಂಡರೆ ಸುಪ್ರೀಂ ಕೋರ್ಟಿನ ಆಶಯ ಈಡೇರಿತೆಂದು ನಂಬುವವರು ಈ ಅಂಕಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಜೊತೆಯವರೇ ಮೊದಲು ಕಾಣುತ್ತಾರೆ, ಅವರಲ್ಲೇ ಮೊದಲು ಹೇಳಿಕೊಳ್ಳುತ್ತಾರೆ. ನಿಮ್ಹಾನ್ಸ್ ನೆರವಿನಿಂದ ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುವ 'ಯುವ ಸ್ಪಂದನ'ದಲ್ಲಿ ತರಬೇತಿ ಪಡೆದ ಯುವ ಪರಿವರ್ತಕರು ತಮ್ಮ ಓರಗೆಯವರನ್ನು ಜಿಲ್ಲಾ ಕೇಂದ್ರದ ಸಮಾಲೋಚಕರ ಬಳಿಗೆ ಕಳಿಸುತ್ತಾರೆ. ಆಸ್ಪತ್ರೆಯ ಮಾನಸಿಕ ವಿಭಾಗದ ಬೋರ್ಡಿನಡಿ ನಿಲ್ಲಬೇಕಾಗಿಲ್ಲ ಎಂಬುದೇ ಅದರ ದೊಡ್ಡ ಅನುಕೂಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಹಾಯವಾಣಿ ಸಂಖ್ಯೆ ಕನ್ನಡದಲ್ಲೂ ಹಗಲಿರುಳು ಸಿಗುತ್ತದೆ. ಅದು ನೊಂದವರಿಗಷ್ಟೇ ಅಲ್ಲ, ರಾತ್ರಿ ಹನ್ನೊಂದಕ್ಕೆ ರೂಮ್‌ಮೇಟ್ ಬಗ್ಗೆ ದಿಗಿಲಾದ ಹುಡುಗನೂ ಕರೆ ಮಾಡಿ ಏನು ಮಾಡಲಿ ಎಂದು ಕೇಳಬಹುದು ಎಂಬ ಸಂಗತಿಯನ್ನು ಗೋಡೆಯ ಭಿತ್ತಿಪತ್ರದಲ್ಲಿ ಬರೆಯಬೇಕು. ಜೀವಕ್ಕೆ ಅಪಾಯ ಕಣ್ಣೆದುರೇ ಇದ್ದರೆ ಫೋನಿನ ಜೊತೆ ಇನ್ನೊಂದು ಕೆಲಸವಿದೆ: ಅವನನ್ನು ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯುವುದು.

ಎರಡು ಇಲಾಖೆ, ಒಬ್ಬ ವಿದ್ಯಾರ್ಥಿ

ಕರ್ನಾಟಕದ ಸರ್ಕಾರಿ ಪದವಿ ಕಾಲೇಜುಗಳನ್ನು ನೋಡಿದರೆ ದಾರಿ ಎಲ್ಲಿ ತುಂಡಾಗುತ್ತದೆ ಎಂಬುದು ಸ್ಪಷ್ಟ. ವಿದ್ಯಾರ್ಥಿ ಓದುವುದು ಕಾಲೇಜು ಶಿಕ್ಷಣ ಇಲಾಖೆಯಲ್ಲಿ, ಮಲಗುವುದು ಸಮಾಜ ಕಲ್ಯಾಣ ಇಲಾಖೆಯ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ. ಊಟ ಬಿಟ್ಟದ್ದು ವಾರ್ಡನ್‌ಗೆ ಗೊತ್ತು, ತರಗತಿ ಬಿಟ್ಟದ್ದು ಅಧ್ಯಾಪಕರಿಗೆ ಗೊತ್ತು. ಇಬ್ಬರೂ ಒಬ್ಬರಿಗೊಬ್ಬರು ಪತ್ರ ಬರೆಯಬೇಕೆಂಬ ನಿಯಮ ಎಲ್ಲೂ ಇಲ್ಲದಂತೆ ನಡೆದುಕೊಳ್ಳುತ್ತಾರೆ. ಪಾಠದ ಹೊರೆಯ ಬಹುಭಾಗ ಹೊತ್ತ ಅತಿಥಿ ಉಪನ್ಯಾಸಕರ ನೇಮಕಾತಿ ವರ್ಷವರ್ಷಕ್ಕೆ ಹೊಸದು. ತಮ್ಮ ಕೆಲಸವೇ ಖಾತ್ರಿಯಿಲ್ಲದವರು ಮೂರು ವರ್ಷ ವಿದ್ಯಾರ್ಥಿಯ ಬೆನ್ನಿಗಿರಬೇಕೆಂದು ಬಯಸುವುದು ಅನ್ಯಾಯ. ನ್ಯಾಕ್‌ ಮೌಲ್ಯಮಾಪನಕ್ಕೆಂದು ಬರೆದ ಮೆಂಟರ್ ಡೈರಿಗಳಲ್ಲಿ 'ವಿದ್ಯಾರ್ಥಿಯನ್ನು ಸಮಾಲೋಚಿಸಲಾಯಿತು' ಎಂಬ ಒಂದೇ ವಾಕ್ಯ ಪುಟಪುಟಗಳಲ್ಲಿ ಮರುಕಳಿಸುವುದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಗಳೂರಿನ ಪಿಜಿಗಳಲ್ಲಿರುವವರ ಕಥೆಯಲ್ಲಿ ವಾರ್ಡನ್ನೂ ಇಲ್ಲ.

2023ರ ಏಪ್ರಿಲ್‌ನಲ್ಲಿ ಯುಜಿಸಿ ಹೊರಡಿಸಿದ ಮಾರ್ಗಸೂಚಿ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಸೇವಾ ಕೇಂದ್ರವನ್ನು ಸೂಚಿಸಿತ್ತು. ಅಂದರೆ ಸುದ್ದಿ ಬಂದು ಸೇರಬೇಕಾದ ಮೇಜು ಕಾಗದದ ಮೇಲೆ ಇದೆ. ಅದಕ್ಕೆ ದೊಡ್ಡ ಏರ್ಪಾಡು ಬೇಡ. ಒಬ್ಬ ಸಮಾಲೋಚಕಿ, ಶಿಸ್ತಿನ ಅಧಿಕಾರವಿಲ್ಲದ ಒಬ್ಬ ಹಿರಿಯ ಅಧ್ಯಾಪಕರು, ಹತ್ತಿರದ ಎಲ್ಲ ಹಾಸ್ಟೆಲ್ಲುಗಳ ವಾರ್ಡನ್‌ಗಳು, ವಾರಕ್ಕೊಮ್ಮೆ ಒಂದು ಗಂಟೆ ಸಾಕು. ಹೇಳಲು ಬಂದವರು ರೋಗದ ಹೆಸರು ಹೇಳಬೇಕಾಗಿಲ್ಲ. ಯಾವಾಗ, ಎಲ್ಲಿ, ಏನು ಕಂಡೆ, ಏನು ಕೇಳಿಸಿಕೊಂಡೆ ಎಂದರೆ ಆಯಿತು. 'ಅವಳು ಖಿನ್ನಳಾಗಿದ್ದಾಳೆ' ಎನ್ನುವುದಕ್ಕಿಂತ 'ಎರಡು ವಾರದಿಂದ ಲ್ಯಾಬಿಗೆ ಬಂದಿಲ್ಲ, ನಿನ್ನೆ ತನ್ನ ಪುಸ್ತಕಗಳನ್ನೆಲ್ಲ ಜೂನಿಯರ್‌ಗೆ ಕೊಟ್ಟಳು' ಎನ್ನುವ ಮಾತು ಕೇಳುವವರಿಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಾಧ್ಯವಾದಷ್ಟೂ ಆ ಹುಡುಗಿಗೆ ತಿಳಿಸಿಯೇ ಹೇಳಬೇಕು.

ಹೇಳಿದ ಮೇಲೆ

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಎರಡು ಕಡೆ ನೆರವಿಗೆ ಬರುತ್ತದೆ. 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಮು ಉಳಿದೇ ಇಲ್ಲ. ಪೊಲೀಸ್ ಕೇಸಾಗುತ್ತದೆಂಬ ಭಯದಿಂದ ಯತ್ನವನ್ನು ಮುಚ್ಚಿಡುವ ವಾರ್ಡನ್‌ಗಳಿಗೆ ಇದು ಇನ್ನೂ ತಲುಪಿಲ್ಲ. 23ನೇ ಕಲಮು ಚಿಕಿತ್ಸೆ ನೀಡುವವರನ್ನು ಗೋಪ್ಯತೆಗೆ ಕಟ್ಟಿಹಾಕುತ್ತದೆ, ಜೀವಾಪಾಯ ತಪ್ಪಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ಹೇಳಲು ಬಿಡುತ್ತದೆ. ಆದರೆ ಅಧ್ಯಾಪಕ, ವಾರ್ಡನ್, ಗುಮಾಸ್ತ ಈ ಕಲಮಿನ ಹೊರಗಿದ್ದಾರೆ. ಸಮಾಲೋಚಕಿಯ ಬಾಯಿಗೆ ಬೀಗವಿದ್ದೂ ಸ್ಟಾಫ್ ರೂಮಿನಲ್ಲಿ ಕಥೆ ಹರಿದಾಡಬಹುದು. ಈ ಕೊರತೆಯನ್ನು ವಿಶ್ವವಿದ್ಯಾಲಯಗಳು ತಮ್ಮ ನಿಯಮಗಳಲ್ಲೇ ತುಂಬಿಕೊಳ್ಳಬೇಕು. ಪೋಷಕರಿಗೆ ತಿಳಿಸುವುದೂ ಹಾಗೆಯೇ, ತಾನಾಗಿ ಒದಗುವ ಒಳಿತಲ್ಲ. ಬಲವಂತದ ಮದುವೆಗೋ ಅಂತರ್ಜಾತಿ ಪ್ರೇಮಕ್ಕೋ ಸಂಬಂಧಿಸಿದ ಸಂಕಟದಲ್ಲಿ ಮನೆಗೆ ಹೋದ ಫೋನೇ ಅಪಾಯವನ್ನು ಹೆಚ್ಚಿಸಬಹುದು. ಯಾರನ್ನು ಕರೆಯಲಿ ಎಂದು ಮೊದಲು ಅವಳನ್ನೇ ಕೇಳಬೇಕು.

ಹೇಳಿಕೊಂಡವರನ್ನು ಹೊರಹಾಕಿದರೆ ಏನಾಗುತ್ತದೆಂದು ಅಮೆರಿಕದ ಮೊಕದ್ದಮೆಗಳು ತೋರಿಸಿವೆ. ನ್ಯೂಯಾರ್ಕಿನ ಹಂಟರ್ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು 2004ರಲ್ಲಿ ಆಸ್ಪತ್ರೆಯಿಂದ ಹಿಂತಿರುಗಿದಾಗ ಹಾಸ್ಟೆಲ್ ಕೋಣೆಯ ಬೀಗ ಬದಲಾಗಿತ್ತು. 2006ರಲ್ಲಿ ಕಾಲೇಜು 65,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಯೇಲ್ ವಿಶ್ವವಿದ್ಯಾಲಯ ದಾವೆಯ ನಂತರ 2023ರಲ್ಲಿ ತನ್ನ ನಿಯಮ ಬದಲಿಸಿ, ಮಾನಸಿಕ ಕಾರಣಕ್ಕೆ ದೂರವಿರುವುದನ್ನು ರಜೆಯೆಂದು ಒಪ್ಪಿತು. ಅಲ್ಲಿಯವರೆಗೆ ಹೋದವರು ಮತ್ತೆ ಪ್ರವೇಶಕ್ಕೆ ಅರ್ಜಿ ಹಾಕಬೇಕಿತ್ತು.

ನಮ್ಮಲ್ಲಿ ಬೀಗ ಬದಲಿಸುವುದಕ್ಕಿಂತ ಸದ್ದಿಲ್ಲದ ವಿಧಾನವಿದೆ. ಆರು ವಾರ ಚಿಕಿತ್ಸೆ ಪಡೆದು ಬಂದವಳ ಹಾಜರಾತಿ ಶೇ. 60ಕ್ಕೆ ನಿಂತಿರುತ್ತದೆ. ಕೊರತೆ ಮನ್ನಾಕ್ಕೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಟೈಫಾಯ್ಡ್ ಎಂದು ಬರೆದ ಪತ್ರವನ್ನು ಧೈರ್ಯವಾಗಿ ಕೊಡಬಹುದು. ಮನೋವೈದ್ಯರ ಪತ್ರವಾದರೆ ವಿಭಾಗದ ಗುಮಾಸ್ತರಿಂದ ಮುಖ್ಯಸ್ಥರವರೆಗೆ, ಮುಂದೆ ತನ್ನ ಪಿಎಚ್‌.ಡಿ.ಗೆ ಶಿಫಾರಸು ಬರೆಯಬೇಕಾದವರೆಲ್ಲರ ಕೈ ದಾಟಿ ಹೋಗುತ್ತದೆ. ಅದಕ್ಕೇ ಅವಳು ಬೇರೆ ವೈದ್ಯರಿಂದ ಜ್ವರದ ಸುಳ್ಳು ಪತ್ರ ತರುತ್ತಾಳೆ, ಇಲ್ಲವೇ ವರ್ಷ ಕಳೆದುಕೊಳ್ಳುತ್ತಾಳೆ; ಇದನ್ನು ನೋಡಿದ ಸಹಪಾಠಿಗಳು ಮುಂದಿನ ಸಲ ಯಾರ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ರೋಗದ ಹೆಸರಿಲ್ಲದೆ, ಗೈರು ಸಕಾರಣವಾದದ್ದೆಂದಷ್ಟೇ ಹೇಳುವ ಪತ್ರವನ್ನು ವಿದ್ಯಾರ್ಥಿ ಸೇವಾ ಕೇಂದ್ರವೇ ಕೊಡಲಿ, ಪರೀಕ್ಷಾಂಗ ಕುಲಸಚಿವರು ಅದನ್ನು ಹಾಗೇ ಒಪ್ಪಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಅನುದಾನ ಬೇಡ. ವಿದ್ಯಾವಿಷಯಕ ಪರಿಷತ್ತು ಮತ್ತು ಸಿಂಡಿಕೇಟು ಒಪ್ಪಿ, ಪರೀಕ್ಷಾ ನಿಯಮಾವಳಿಗೆ ಒಂದು ತಿದ್ದುಪಡಿ ತಂದರೆ ಸಾಕು.